ಕೊನೆಗೆ ಹತ್ತಿದವರು

ಗಾದೆ ಸುಳ್ಳಾದರೂ ಕತೆ ಸುಳ್ಳಾಗದು. ಇದು ನಡೆದದ್ದು ನಡೆದ ಹಾಗೆ, ಐದನೇ ಮಹಡಿಯಿಂದ ನೆಲದವರೆಗೆ, ಒಂದು ಮೆಟ್ಟಿಲೂ ಬಿಡದೆ.

"ಓರೆ ಮಾಡ್ರೋ, ಓರೆ! ತಲೆ ಕಡೆ ಎತ್ತಿ, ಕಾಲ್ ಕಡೆ ಇಳಿಸಿ!"

ಹೀಗೆ ಕೂಗುತ್ತಿದ್ದವರು ತೀರ್ಪು ಮಾವ. ಸ್ಟ್ರೆಚರಿನ ಒಂದು ತುದಿ ಲಿಫ್ಟಿನ ಹಿಂಗೋಡೆಗೆ ಬಡಿದು ನಿಂತಿತ್ತು, ಇನ್ನೊಂದು ತುದಿ ಎರಡಡಿ ಹೊರಗೆ ಚಾಚಿಕೊಂಡಿತ್ತು. ಲಿಫ್ಟಿನ ಬಾಗಿಲು ಮುಚ್ಚಲು ಬರುವುದು, ಸ್ಟ್ರೆಚರಿಗೆ ಮೂಗು ತಾಗಿಸುವುದು, ಬೆಚ್ಚಿದಂತೆ ಹಿಂದೆ ಸರಿಯುವುದು. ಸ್ಟ್ರೆಚರ್ ಖಾಲಿಯಿತ್ತು. ಅದರ ಮೇಲೆ ಮಲಗಬೇಕಾದವನು ಇನ್ನೂ ಒಳಗೆ, ನಡುಮನೆಯಲ್ಲಿ, ಬಿಳಿ ಚಾದರದ ಕೆಳಗಿದ್ದ. ಇದು ಬರೀ ಅಳತೆ ನೋಡುವ ಕಸರತ್ತು.

"ಆಗಲ್ಲ ಅಂತ ಆಗಲೇ ಹೇಳಿದೆ, ಮಾವ." ಗ್ರೀಸು ಅಳತೆಪಟ್ಟಿಯನ್ನು ಸರ್ರನೆ ಒಳಗೆ ಬಿಟ್ಟ. ಸತ್ತವನ ಜೊತೆ ಇಪ್ಪತ್ತೆರಡು ವರ್ಷ ಲಿಫ್ಟ್ ರಿಪೇರಿ ಮಾಡಿದವನು ಅವನು. ಮದುವೆಯ ಮನೆಗೂ ಉಗುರಿನಲ್ಲಿ ಕಪ್ಪು ಇಟ್ಟುಕೊಂಡೇ ಬರುತ್ತಿದ್ದುದರಿಂದ ಆ ಹೆಸರು. "ಲಿಫ್ಟಿನ ಆಳ ನಾಲ್ಕೂಕಾಲು ಅಡಿ. ಸ್ಟ್ರೆಚರ್ ಆರೂಕಾಲು. ನೀವು ಎಷ್ಟು ಕೂಗಿದ್ರೂ ಎರಡಡಿ ಕಮ್ಮಿ ಆಗಲ್ಲ."

"ಹಾಗಾದ್ರೆ ನಿಲ್ಲಿಸ್ಕೊಂಡು ಹೋಗೋಣ. ಕಟ್ಟಿದ್ರಾಯ್ತು."

"ನಿಲ್ಲಿಸೋದಾ?" ಬಾಗಿಲಲ್ಲಿ ನಿಂತಿದ್ದ ಮೈಕು ಕೇಳಿದಳು. "ಅವನೇನು ಕೋಟು ಹ್ಯಾಂಗರಾ?"

ಮೈಕು ಸತ್ತವನ ತಂಗಿ. ಬಸ್ ನಿಲ್ದಾಣದಲ್ಲಿ, ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ದಿನವಿಡೀ ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಅಣ್ಣ ಇಟ್ಟ ಅಡ್ಡಹೆಸರು ಅದು, ಹುಟ್ಟುಹೆಸರನ್ನು ಯಾವತ್ತೋ ನುಂಗಿ ನೀರು ಕುಡಿದಿತ್ತು. ಅಣ್ಣನಿಗೂ ಅಷ್ಟೇ. ಇಡೀ ಬಡಾವಣೆಗೆ ಅವನು ಲಿಫ್ಟಣ್ಣ.

"ಕೋಪ ಯಾಕಮ್ಮ? ಐದು ಮಹಡಿ, ತೊಂಬತ್ತು ಕಿಲೋ," ಮಾವ ಸೊಂಟ ಹಿಡಿದುಕೊಂಡರು. "ತೂಕ ಇಳಿಸು ಅಂತ ಡಾಕ್ಟರು ಬಡ್ಕೊಂಡ್ರಂತೆ. ಇಳಿಸಿದ್ನಾ? ಈಗ ನಾವು ಇಳಿಸಬೇಕು."

ಮೆಟ್ಟಿಲ ಮೇಲೆ ನಿಂತಿದ್ದ ಇಬ್ಬರು ನಕ್ಕರು. ನಕ್ಕ ಮೇಲೆ ಸಾವಿನ ಮನೆ ಎಂದು ನೆನಪಾಗಿ ಕೆಮ್ಮಿದರು. ಮಾವನಿಗೆ ತೀರ್ಪು ಮಾವ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಟೀ ಸಪ್ಪೆಯಾದರೂ, ಸಂಬಂಧ ಮುರಿದರೂ, ಕುಕ್ಕರ್ ಸಿಡಿದರೂ ತಪ್ಪು ಯಾರದು ಎಂದು ಅಲ್ಲೇ, ಆಗಲೇ, ಸ್ಥಳದಲ್ಲೇ ಹೇಳುವವರು ಅವರು. ಇವತ್ತಿನ ತೀರ್ಪು ಬೆಳಿಗ್ಗೆ ಏಳಕ್ಕೇ ಹೊರಬಿದ್ದಿತ್ತು: ಅಸಡ್ಡೆ. ಡಾಕ್ಟರು ಹೇಳಿದ್ದರು, ಇವನು ಕೇಳಲಿಲ್ಲ. ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಆ ತೀರ್ಪಿನ ಒಂದೊಂದು ಪ್ರತಿ ಪಡೆದು ಒಳಗೆ ಬರುತ್ತಿದ್ದರು.

ಲಿಫ್ಟಣ್ಣ ಮತ್ತು ಅಸಡ್ಡೆ! ಮೈಕುವಿಗೆ ನಗು ಬರಬೇಕಿತ್ತು. ಹಲ್ಲು ಕಡಿದಳು.

*

ಅವನು ಲಿಫ್ಟಿನ ಹಗ್ಗ ಪರೀಕ್ಷಿಸುವುದನ್ನು ಅವಳು ಒಮ್ಮೆ ನೋಡಿದ್ದಳು. ಹಗ್ಗ ಎಂದರೆ ಹೆಬ್ಬೆರಳು ದಪ್ಪದ ಉಕ್ಕಿನ ಹಗ್ಗ, ನೂರಾರು ತಂತಿ ಹೆಣೆದದ್ದು. ಅಣ್ಣ ಅದರ ಸುತ್ತ ಹಳೆಯ ಹತ್ತಿ ಬನಿಯನ್ನಿನ ತುಂಡು ಸುತ್ತಿ, ಮೆಲ್ಲಗೆ ಎಳೆಯುತ್ತ ಬರುತ್ತಿದ್ದ. ಎಲ್ಲಾದರೂ ಒಂದು ತಂತಿ ಮುರಿದಿದ್ದರೆ ಅದರ ಮೊನೆಗೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು. ಆಗ ನಿಲ್ಲಿಸುವುದು, ಸೀಮೆಸುಣ್ಣದಲ್ಲಿ ಗುರುತು ಹಾಕುವುದು, ಮತ್ತೆ ಎಳೆಯುವುದು. ಹನ್ನೊಂದು ಮಹಡಿ ಉದ್ದದ ಹಗ್ಗ. ಮಗುವಿನ ತಲೆಯಲ್ಲಿ ಹೇನು ಹುಡುಕುವ ತಾಯಿಗೂ ಅಷ್ಟು ತಾಳ್ಮೆ ಇರಲಾರದು.

"ಎಂಟು ಜನ ಅಂತ ಬೋರ್ಡ್ ಇದೆಯಲ್ಲ," ಅವಳು ಕೇಳಿದ್ದಳು. "ಒಂಬತ್ತು ಜನ ಹತ್ತಿದ್ರೆ ಢಮಾರ್ ಆಗುತ್ತಾ?"

"ಏನೂ ಆಗಲ್ಲ."

"ಇಪ್ಪತ್ತು?"

"ಜಾಗ ಸಾಕಾಗಲ್ಲ. ಹಗ್ಗಕ್ಕೇನೂ ಆಗಲ್ಲ. ಎಂಬತ್ತು ಜನರನ್ನ ಹೊರೋ ಹಗ್ಗ ಇದು."

"ಮತ್ತೆ ಎಂಟು ಅಂತ ಯಾಕೆ ಸುಳ್ಳು ಬರೀತೀರಿ?"

"ಎಂಬತ್ತು ಅಂತ ಬರೆದ್ರೆ ಎಂಬತ್ತೊಂದನೆಯವನು ಬರ್ತಾನೆ ಕಣೇ." ಅಣ್ಣ ಬನಿಯನ್ ತುಂಡು ಕೊಡವಿದ. "ಬೋರ್ಡಲ್ಲಿರೋ ಲಿಮಿಟ್ಟೇ ಬೇರೆ, ಬೀಳೋ ಲಿಮಿಟ್ಟೇ ಬೇರೆ. ಮಧ್ಯದಲ್ಲಿ ಹತ್ತು ಪಟ್ಟು ಜಾಗ ಇಟ್ಟಿರ್ತೀವಿ. ಜನಕ್ಕೆ ಗೊತ್ತಿರಲ್ಲ. ಗೊತ್ತಿರಬಾರದು. ಆ ಜಾಗ ಕಾಯೋದೇ ನಮ್ಮ ಕೆಲಸ."

ಆ ವರ್ಷವೇ ಅವನು ತಾನು ನೋಡಿಕೊಳ್ಳುವ ಲಿಫ್ಟುಗಳಿಗೆಲ್ಲ ಮಾತು ಕಲಿಸಿದ. ಅದುವರೆಗೆ ಭಾರ ಹೆಚ್ಚಾದರೆ ಕಿರ್ರೆಂದು ಬಜರ್ ಹೊಡೆಯುತ್ತಿತ್ತು. ಹತ್ತಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಿದ್ದರು, ಯಾರೂ ಇಳಿಯುತ್ತಿರಲಿಲ್ಲ. "ಕಿರ್ರ್ ಅಂದ್ರೆ ಯಾರಿಗೆ ಅರ್ಥ ಆಗುತ್ತೆ? ಯಾರು ಇಳೀಬೇಕು ಅಂತ ಹೇಳಬೇಕು. ಅವರಿಗೆ ತಿಳಿಯೋ ಭಾಷೇಲಿ ಹೇಳಬೇಕು." ತಂಗಿಯನ್ನು ಕೂರಿಸಿ, ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಹೊದಿಸಿ ಅವಳ ದನಿ ಹಿಡಿದ: 'ಭಾರ ಹೆಚ್ಚಾಗಿದೆ. ಕೊನೆಗೆ ಹತ್ತಿದವರು ದಯವಿಟ್ಟು ಇಳಿಯಿರಿ.' ಇದೇ ಕಟ್ಟಡದ ಲಿಫ್ಟಿನಲ್ಲಿ ಅದನ್ನು ಮೊದಲು ಕೇಳಿದಾಗ ಮೈಕು ಮುಖ ಸಿಂಡರಿಸಿದ್ದಳು.

"ಇದ್ಯಾರೇ ಈ ಮೂಗಮ್ಮ?"

ಅಣ್ಣ ಬಿದ್ದು ಬಿದ್ದು ನಕ್ಕಿದ್ದ. "ನೀನೇ ಕಣೇ! ಊರಿಗೆಲ್ಲ ಅಣಕ ಮಾಡ್ತೀಯ, ನಿನ್ನ ದನಿ ನಿನಗೇ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗಲ್ಲ ಬಿಡು, ತಲೆಬುರುಡೆ ಒಳಗಿಂದ ಕೇಳೋದೇ ಬೇರೆ."

*

ಶವ ಒಯ್ಯುವ ವ್ಯಾನು ಹತ್ತಕ್ಕೆ ಬರಬೇಕಿತ್ತು, ಹತ್ತೂವರೆಯಾದರೂ ಸುಳಿವಿರಲಿಲ್ಲ. ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಕಾಯುವ ಜನಕ್ಕೆ ಬಾಯಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

"ಐವತ್ತನಾಲ್ಕು ಒಂದು ವಯಸ್ಸಾ?"

"ಮಾತ್ರೆ ಬರೆದುಕೊಟ್ಟಿದ್ರಂತೆ. ಚೀಟಿ ಹಾಗೇ ಫ್ರಿಜ್ ಮೇಲಿತ್ತಂತೆ, ಅಯಸ್ಕಾಂತದ ಕೆಳಗೆ."

"ಹೂಂ, ಫ್ರಿಜ್ಜಿಗೇ ಬೀಪಿ ಅಂದ್ಕೊಂಡ್ನೇನೋ."

"ಅವನಿಗೇ ಬೇಡ ಅಂದ್ಮೇಲೆ ಯಾರೇನು ಮಾಡೋಕಾಗುತ್ತೆ?"

ಅತ್ತಿಗೆ ಚಾದರದ ಅಂಚು ನೇವರಿಸುತ್ತ ಗಂಡನ ಪಕ್ಕ ಕುಳಿತಿದ್ದಳು. ನಿನ್ನೆಯಿಂದ ಅವಳು ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಮೈಕು ಬಳಿಗೆ ಬಂದು ಕುಳಿತಾಗ, ತುಟಿ ಅಲುಗಿಸದೆ ಕೇಳಿದಳು.

"ನಿಜವಾ?"

"ಯಾವುದು ಅತ್ತಿಗೆ?"

"ಅವರಿಗೆ ಗೊತ್ತಿತ್ತಾ? ಗೊತ್ತಿದ್ದೂ ಸುಮ್ಮನಿದ್ರಾ?" ಬೆರಳು ಚಾದರದ ಮೇಲೆ ನಿಂತಿತು. "ಇಪ್ಪತ್ತಾರು ವರ್ಷ. ಮಲಗೋ ಮುಂಚೆ ಗ್ಯಾಸ್ ಮೂರು ಸಲ ನೋಡ್ತಿದ್ರು. ನಾನು ಸ್ಟೂಲ್ ಹತ್ತಿದ್ರೆ ಓಡಿಬಂದು ಹಿಡ್ಕೋತಿದ್ರು. ಹಾಗಿರೋ ಮನುಷ್ಯ ನನ್ನ ಒಬ್ಬಳನ್ನೇ ಬಿಟ್ಟು ಹೋಗೋದನ್ನ ಇಷ್ಟು ಸಸಾರ ಮಾಡಿದ್ರಾ? ಅದೊಂದು ಹೇಳು ನನಗೆ. ಬೇರೇನೂ ಬೇಡ."

ಮೈಕು ಅತ್ತಿಗೆಯ ಕಣ್ಣು ತಪ್ಪಿಸಿ ಚಾದರದ ಮಡಿಕೆ ಸರಿಮಾಡಿದಳು. ಯಾಕೆಂದರೆ ಡಾಕ್ಟರ ಹತ್ತಿರ ಅಣ್ಣನ ಜೊತೆ ಹೋದವಳು ಅವಳೇ.

*

ನಾಲ್ಕು ತಿಂಗಳ ಹಿಂದಿನ ಮಾತು. ಆ ಆಸ್ಪತ್ರೆಯ ಲಿಫ್ಟು ಅಣ್ಣನೇ ನೋಡಿಕೊಳ್ಳುತ್ತಿದ್ದುದು. ಹಾಗಾಗಿ ಕಾಯುವುದು ಸ್ವಲ್ಪ ಕಡಿಮೆಯಾಗಿತ್ತು: ಒಂದೂಮುಕ್ಕಾಲು ಗಂಟೆ. ಒಳಗಿದ್ದದ್ದು ನಾಲ್ಕು ನಿಮಿಷ. ಅದರಲ್ಲಿ ಎರಡು ಫೋನಿಗೆ.

ಡಾಕ್ಟರು ಒಳ್ಳೆಯವರೇ. ದುಂಡು ಮುಖ, ಸದಾ ನಗು. ಕನ್ನಡಕ ಹಣೆಯ ಮೇಲೆ, ಕಣ್ಣು ಕಾಗದದ ಮೇಲೆ, ಹೆಬ್ಬೆರಳು ಪೆನ್ನಿನ ತಲೆಯ ಮೇಲೆ. ಟಿಕ್ ಟಿಕ್ ಟಿಕ್.

"ಹ್ಞಾಂ, ನೋಡಿ ಇವ್ರೇ. ಬೀಪಿ ಲಿಮಿಟ್‌ನಲ್ಲಿದೆ. ಕೊಲೆಸ್ಟ್ರಾಲೂ ಅಷ್ಟೇ, ಲಿಮಿಟ್‌ನಲ್ಲಿದೆ. ನಿಮ್ಮಂಥ ನೂರು ಜನರನ್ನ ತಗೊಂಡ್ರೆ ಹತ್ತು ವರ್ಷದಲ್ಲಿ ಒಂದಿಪ್ಪತ್ತು ಜನಕ್ಕೆ ಹಾರ್ಟಿಗೆ ಏನಾದ್ರೂ ಆಗುತ್ತೆ. ನಿಮಗೇ ಆಗುತ್ತೆ ಅಂತೇನಿಲ್ಲ. ತೂಕ ಇಳಿಸಿ. ಮಾತ್ರೆ ಬರೀತೀನಿ, ಶುರು ಮಾಡಿದ್ರೆ ಒಳ್ಳೇದು. ಅರ್ಜೆಂಟೇನಿಲ್ಲ." ಟಿಕ್ ಟಿಕ್ ಟಿಕ್. "ಏನೂ ಹೆದರ್ಕೋಬೇಡಿ."

ಅಣ್ಣ ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಹುಡುಗನ ಹಾಗೆ ಕುಳಿತಿದ್ದ. ಒಂದೇ ಒಂದು ಪ್ರಶ್ನೆ ಕೇಳಿದ.

"ಸರ್, ಲಿಮಿಟ್‌ನಲ್ಲಿದೆ ಅಂದ್ರೆ... ಕೆಲಸಕ್ಕೆ ಹೋಗಬಹುದಾ?"

"ಧಾರಾಳವಾಗಿ! ನೆಕ್ಸ್ಟ್!"

ಮನೆಗೆ ಬರುವಾಗ ಇದೇ ಲಿಫ್ಟಿನಲ್ಲಿ ಮೈಕು ಕನ್ನಡಕವನ್ನು ಹಣೆಗೇರಿಸಿದಳು. ನಾಲಿಗೆಯಲ್ಲಿ ಟಿಕ್ ಟಿಕ್ ಟಿಕ್ ಮಾಡಿದಳು. "ಹ್ಞಾಂ, ನೋಡಿ ಇವ್ರೇ!" ಅಣ್ಣ ಲಿಫ್ಟಿನ ಗೋಡೆಗೆ ಒರಗಿ ನಕ್ಕ, ಐದನೇ ಮಹಡಿ ಬಂದರೂ ಇಳಿಯಲಾಗದಷ್ಟು ನಕ್ಕ. ಅಂದಿನಿಂದ ಅದು ಮನೆಯ ಆಟವಾಯಿತು. ಹಾಲು ಉಕ್ಕಿದರೆ 'ಏನೂ ಹೆದರ್ಕೋಬೇಡಿ'. ಕರೆಂಟು ಹೋದರೆ 'ನೂರು ಮನೆಯಲ್ಲಿ ಇಪ್ಪತ್ತು ಮನೇಲಿ ಹೋಗುತ್ತೆ, ನಿಮ್ಮನೇಲೇ ಹೋಗುತ್ತೆ ಅಂತೇನಿಲ್ಲ'. ನಾಲ್ಕು ತಿಂಗಳು ಆ ಮಾತನ್ನು ಆ ಮನೆಯಲ್ಲಿ ಇನ್ನೂರು ಸಲ ಆಡಿದ್ದರು. ಆ ಮಾತಿನಲ್ಲಿ ಏನಿದೆ ಎಂದು ಒಬ್ಬರೂ ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಆಡಿಸಿದವಳು ಮೈಕು.

*

"ಗ್ರೀಸು, ಬಾ ಇಲ್ಲಿ."

ಮೈಕು ಅವನನ್ನು ಮೆಟ್ಟಿಲ ತಿರುವಿಗೆ ಎಳೆದುಕೊಂಡು ಹೋದಳು. ಕಿಟಕಿಯ ಹಲಗೆಯ ಮೇಲೆ ಯಾರೋ ಟೀ ಕಪ್ಪು ಬಿಟ್ಟುಹೋಗಿದ್ದರು, ಅದರಲ್ಲೊಂದು ನೊಣ.

"ಹೇಗಿದ್ದ, ನೀನು ನೋಡಿದಾಗ? ಸರಿಯಾಗಿ ಹೇಳು."

ಗ್ರೀಸು ಗಂಟಲು ಸರಿಮಾಡಿಕೊಂಡ. "ಆ ಹನ್ನೊಂದು ಮಹಡಿ ಕಟ್ಟಡದ ತುದೀಲಿ, ಮೋಟಾರು ರೂಮು. ಒಬ್ಬನೇ ಹತ್ತಿ ಹೋಗಿದ್ದ. ಮೋಟಾರಿಗೆ ಒರಗಿ ಕೂತಿದ್ದ. ತೊಡೆ ಮೇಲೆ ಸ್ಪ್ಯಾನರು. ಮೆಯಿನ್ ಸ್ವಿಚ್ ಆಫ್ ಮಾಡಿತ್ತು. 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಬೋರ್ಡು ತಗುಲಿಸಿತ್ತು. ಕೆಲಸ ಇನ್ನೂ ಶುರುವಾಗೇ ಇರಲಿಲ್ಲ ಕಣಮ್ಮ. ನೋವು ಬಂದಾಗ, ನಾನಿಲ್ಲಿ ಬಿದ್ದಿರೋವಾಗ ಯಾರೋ ಲಿಫ್ಟ್ ಓಡಿಸಿ ಅವರಿಗೇನಾದ್ರೂ ಆದೀತು ಅಂತ, ಮೊದಲು ಸ್ವಿಚ್ ಆರಿಸಿದಾನೆ. ಬೋರ್ಡು ಹಾಕಿದಾನೆ. ಆಮೇಲೆ ಕೂತಿದಾನೆ."

"ಆ ಮನುಷ್ಯನಿಗೆ ಅಸಡ್ಡೆ ಅಂತಾರೆ ಒಳಗೆ. ಮಾತ್ರೆ ಯಾಕೆ ತಗೊಳ್ಳಲಿಲ್ಲ, ಗ್ರೀಸು? ನಿನಗೇನಾದ್ರೂ ಹೇಳಿದ್ನಾ?"

ಗ್ರೀಸು ಉಗುರು ನೋಡಿಕೊಂಡ.

"ಹೋದ ವಾರ ಆಸ್ಪತ್ರೆ ಲಿಫ್ಟಲ್ಲಿದ್ವಿ. ಗುಂಡಿಗಳ ಫಲಕ ಬಿಚ್ಚಿಟ್ಟು ನೋಡ್ತಿದ್ವಿ. ಎರಡನೇ ಮಹಡೀಲಿ ಡಾಕ್ಟರು ಹತ್ತಿದ್ರು. 'ಹೇಗಿದೀರಿ, ಮಾತ್ರೆ ನಡೀತಿದೆಯಾ' ಅಂದ್ರು. ಇವನು 'ಇನ್ನೂ ಇಲ್ಲ ಸರ್, ಮೆಟ್ಟಿಲು ಹತ್ತುವಾಗ ಎದೆ ಬಿಗಿ ಹಿಡಿಯುತ್ತೆ' ಅಂದ. ಅವರು ಫೋನ್ ನೋಡ್ಕೊಂಡೇ 'ತಗೋಳಿ ತಗೋಳಿ, ಲಿಮಿಟ್‌ನಲ್ಲೇ ಇದೀರಲ್ಲ. ಒಂದ್ಸಲ ಬನ್ನಿ, ಏನೂ ಹೆದರ್ಕೋಬೇಡಿ' ಅಂದ್ರು. ಮೂರನೇ ಮಹಡಿ ಬಂತು. ಇಳಿದು ಹೋದ್ರು."

"ಅಷ್ಟೇನಾ?"

"ಒಂದು ಮಹಡಿಗೆ ಇನ್ನೆಷ್ಟು ಹಿಡಿಯುತ್ತೆ? ನಾನು ಬೈದೆ. ಯಾಕಯ್ಯಾ ತಗೊಳ್ಳಲ್ಲ ಅಂತ. ಅದಕ್ಕೆ ಏನಂದ ಗೊತ್ತಾ? 'ಲಿಮಿಟ್‌ನಲ್ಲಿದೆ ಅಂದ್ರಲ್ಲೋ, ಕೇಳಿಸಲಿಲ್ವಾ? ಅದು ಬೋರ್ಡ್ ಲಿಮಿಟ್ಟು. ಅವರೂ ನಮ್ಮ ಹಾಗೇ ಹತ್ತು ಪಟ್ಟು ಜಾಗ ಇಟ್ಕೊಂಡೇ ಹೇಳಿರ್ತಾರೆ. ದೊಡ್ಡ ಓದು ಓದಿದವರು, ಇಟ್ಟಿರಲ್ವಾ? ನಿಜವಾಗ್ಲೂ ಭಾರ ಆದ್ರೆ ಬಜರ್ ಹೊಡೀತಾರೆ. ಇಪ್ಪತ್ತು ಪರ್ಸೆಂಟ್ ಅಂದ್ರು. ಬ್ರೇಕ್ ಪಟ್ಟಿ ಇಪ್ಪತ್ತು ಪರ್ಸೆಂಟ್ ಸವೆದ್ರೆ ನಾವೇನು ಕಿತ್ತು ಬಿಸಾಡ್ತೀವಾ? ಈ ಹನ್ನೊಂದು ಮಹಡಿ ಹಗ್ಗ ಬದಲಾಯಿಸಿಬಿಡೋಣ, ಜನ ಓಡಾಡೋ ಲಿಫ್ಟು. ಆಮೇಲೆ ಮಾತ್ರೆ ಶುರು ಮಾಡ್ತೀನಿ. ನನ್ನದೇನು ಅರ್ಜೆಂಟಿಲ್ಲ ಅಂದಿದಾರೆ.'"

ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರನ್ ಹೊಡೆಯಿತು. ವ್ಯಾನಲ್ಲ.

ಮೈಕು ಟೀ ಕಪ್ಪನ್ನು ಎತ್ತಿ ಗೋಡೆಗೆ ಅಪ್ಪಳಿಸಿದಳು. ಮೇಲಿನಿಂದ ಯಾರೋ "ಏನಾಯ್ತು?" ಎಂದರು.

"ಗಾಳಿ!" ಎಂದು ಗ್ರೀಸು ಕೂಗಿ ಹೇಳಿದ.

"ಹೋದ ವರ್ಷ," ಮೈಕು ಕಪ್ಪಿನ ಚೂರನ್ನು ಕಾಲಲ್ಲಿ ಮೂಲೆಗೆ ತಳ್ಳಿದಳು, "ನಾನು ಒಂದು ಅಂಕಿ ನುಂಗಿದೆ. ಹದಿನಾಲ್ಕನೇ ಅಂಕಣ ಅನ್ನೋ ಬದಲು ನಾಲ್ಕು ಅಂತ ಕೇಳಿಸ್ತಂತೆ. ಒಬ್ಬ ಮುದುಕಿಗೆ ಬಸ್ಸು ತಪ್ಪೋಯ್ತು. ಒಂದು ಬಸ್ಸು! ಅದಕ್ಕೆ ನನಗೆ ಮೆಮೋ ಕೊಟ್ರು. 'ನಾನು ಹೇಳಿದ್ದೆ' ಅಂದೆ. ಮೇಲಿನವರು ಏನಂದ್ರು ಗೊತ್ತಾ? 'ನೀನು ಏನು ಹೇಳಿದೆ ಅನ್ನೋದು ಬೇಡಮ್ಮ, ಆಕೆಗೆ ಏನು ಕೇಳಿಸ್ತು ಹೇಳು.' ಅವತ್ತಿಂದ ಪ್ರತಿಯೊಂದನ್ನೂ ಮೂರು ಸಲ ಹೇಳ್ತೀನಿ. ಮೂರು ಸಲ! ಬಸ್ಸಿಗೆ!"

"ಮೆಲ್ಲಗೆ, ಮೈಕಮ್ಮ."

"'ನಿಮಗೇನು ಅರ್ಥ ಆಯ್ತು, ಒಂದ್ಸಲ ಹೇಳಿ ನೋಡೋಣ' ಅಂತ ಒಂದೇ ಒಂದು ಮಾತು ಕೇಳಿದ್ರೆ ಅವನು ಹೇಳ್ತಿದ್ದನಲ್ಲೋ! ಹಗ್ಗ, ಬೋರ್ಡು, ಎಂಬತ್ತು ಜನ, ಎಲ್ಲಾ ಹೇಳ್ತಿದ್ದ. 'ಅಯ್ಯೋ ಇವ್ರೇ, ನಮ್ಮಲ್ಲಿ ಹತ್ತು ಪಟ್ಟು ಇಲ್ಲ, ಒಂದು ಪಟ್ಟೂ ಇಲ್ಲ, ಇವತ್ತೇ ನುಂಗಿ' ಅನ್ನೋದಕ್ಕೆ ಎಷ್ಟು ಹೊತ್ತು ಬೇಕಿತ್ತು? ಎರಡು ಮಹಡಿ ಹೊತ್ತು!" ಸೆರಗಿನಿಂದ ಮುಖ ಒರೆಸಿಕೊಂಡಳು. "ಮತ್ತೆ ನಾನು. ನಾನು ಕೋತಿ ಹಾಗೆ ಪಕ್ಕದಲ್ಲೇ ಕೂತಿದ್ದೆ. ಪೆನ್ನು ಹೇಗೆ ಒತ್ತುತಾರೆ ಅಂತ ನೋಡ್ತಾ ಕೂತಿದ್ದೆ."

ಅವಳು ಮೇಲೆ ಹೋಗಿ ಅತ್ತಿಗೆಯ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳು. ಸ್ವಿಚ್ಚು, ಬೋರ್ಡು, ಎಂಬತ್ತು ಜನರ ಹಗ್ಗ. ಅತ್ತಿಗೆ ಕೇಳಿದಳು. ಚಾದರದ ಕೆಳಗೆ ಕೈ ತೂರಿಸಿ ಗಂಡನ ಕೈ ಹುಡುಕಿ ಹಿಡಿದುಕೊಂಡಳು. ನಿನ್ನೆಯಿಂದ ಮೊದಲ ಸಲ ಅವಳ ಗಲ್ಲ ನಡುಗಿತು.

*

ಡಾಕ್ಟರು ಬಂದದ್ದು ಹನ್ನೊಂದಕ್ಕೆ, ಬಿಳಿ ಹೂವಿನ ಚಕ್ರದೊಂದಿಗೆ. ಕುರ್ಚಿಗಳು ಕಿರುಗುಟ್ಟಿದವು; ಅರ್ಧ ಜನ ಎದ್ದು ನಿಂತರು. ಅವರು ಹೂ ಇಟ್ಟು, ಕೈ ಮುಗಿದು, ಅತ್ತಿಗೆಯ ಮುಂದೆ ತಲೆ ಬಾಗಿಸಿದರು.

"ತುಂಬಾ ಒಳ್ಳೆ ಮನುಷ್ಯ. ನಮ್ಮ ಲಿಫ್ಟು ಒಂದು ದಿನ ಕೆಟ್ಟಿದ್ದಿಲ್ಲ." ನಿಟ್ಟುಸಿರು ಬಿಟ್ಟರು. "ನಾನು ಸ್ಪಷ್ಟವಾಗಿ ಹೇಳಿದ್ದೆ, ಅಮ್ಮಾ. ಎರಡು ಸಲ ಹೇಳಿದ್ದೆ. ಲೈಟಾಗಿ ತಗೊಂಡ್ರು. ಕೆಲವರು ಕೇಳಲ್ಲ."

"ನಾನು ಬೆಳಿಗ್ಗೆಯಿಂದ ಅದೇ ಹೇಳ್ತಿದೀನಿ, ಸರ್!" ತೀರ್ಪು ಮಾವನಿಗೆ ಮೇಲ್ಮನವಿಯಲ್ಲೂ ಗೆದ್ದ ಖುಷಿ. "ಅಸಡ್ಡೆ! ಶುದ್ಧ ಅಸಡ್ಡೆ!"

"ಸರ್," ಮೈಕು ಎದ್ದಳು. "ಒಂದು ಮಾತು ಕೇಳಬೇಕಿತ್ತು. ನೀವು ಲಿಮಿಟ್ ಅಂದಾಗ..."

ಡಾಕ್ಟರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವರು ಒಂದು ಬೆರಳೆತ್ತಿ ಅವಳನ್ನು ಅಲ್ಲೇ ನಿಲ್ಲಿಸಿದರು. "ಹ್ಞಾಂ... ಹ್ಞಾಂ... ನಾರ್ಮಲ್ಲೇ ಅದು. ನಾಳೆ ನೋಡೋಣ. ಏನೂ ಹೆದರ್ಕೋಬೇಡಿ ಅಂತ ಹೇಳಿ." ಫೋನು ಒಳಗಿಟ್ಟು, ಕುರ್ಚಿ ಎಳೆದು ಕುಳಿತರು. "ಹ್ಞಾಂ, ಏನೋ ಹೇಳ್ತಿದ್ರಿ?"

ಅಷ್ಟರಲ್ಲಿ ಅತ್ತಿಗೆ ಮಾತಾಡಿದಳು. ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ.

"ಅವರಿಗೆ ನಿನ್ನ ಅಣಕ ಅಂದ್ರೆ ಪ್ರಾಣ ಅಲ್ವೇನೇ? ಕಳಿಸೋ ಮುಂಚೆ ಒಂದ್ಸಲ ಮಾಡು."

"ಇಲ್ಲೇನಾ? ಈಗಲೇನಾ?" ಮಾವ ಬೆಚ್ಚಿದರು.

"ಮಾಡು. ಲಿಫ್ಟ್ ಮೆಕ್ಯಾನಿಕ್ಕಿಂದು ಮಾಡು." ಅತ್ತಿಗೆಯ ಕಣ್ಣು ಒಣಗಿತ್ತು. ಗಾಜಿನ ಚೂರಿನ ಹಾಗೆ ಹೊಳೆಯುತ್ತಿತ್ತು.

ಮೈಕುವಿಗೆ ಅರ್ಥವಾಯಿತು. ಗ್ರೀಸುವಿನ ಜೇಬಿನಿಂದ ಪೆನ್ನು ಕಿತ್ತುಕೊಂಡಳು. ಕನ್ನಡಕವನ್ನು ಹಣೆಗೇರಿಸಿದಳು. ಕುರ್ಚಿಯೊಂದನ್ನು ತಿರುಗಿಸಿ, ಕಾಲು ಚಾಚಿ ಕುಳಿತು, ಇಲ್ಲದ ಕಾಗದವೊಂದನ್ನು ನೋಡತೊಡಗಿದಳು. ಟಿಕ್ ಟಿಕ್ ಟಿಕ್.

"ಹ್ಞಾಂ, ನೋಡಿ ಇವ್ರೇ. ನಿಮ್ಮ ಲಿಫ್ಟಿನ ಹಗ್ಗ ಲಿಮಿಟ್‌ನಲ್ಲಿದೆ. ಬ್ರೇಕೂ ಅಷ್ಟೇ, ಲಿಮಿಟ್‌ನಲ್ಲಿದೆ."

ಯಾರೋ ಒಬ್ಬರು ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಆ ದನಿ, ಆ ಮೂಗು, ಆ ನಗು ಬೆರೆಸಿದ ಉಸಿರು; ಕಣ್ಣು ಮುಚ್ಚಿದರೆ ಡಾಕ್ಟರು ಇಬ್ಬರು. ಆಸ್ಪತ್ರೆಗೆ ಹೋಗಿಬಂದವರು ಆ ಕೋಣೆಯಲ್ಲಿ ಎಷ್ಟು ಮಂದಿಯಿದ್ದರೋ ಅಷ್ಟೂ ಮಂದಿ ಕುರ್ಚಿಯ ಕೈ ಹಿಡಿದುಕೊಂಡರು.

"ನಿಮ್ಮಂಥ ನೂರು ಲಿಫ್ಟು ತಗೊಂಡ್ರೆ, ಹತ್ತು ವರ್ಷದಲ್ಲಿ ಒಂದಿಪ್ಪತ್ತು ಕಳಚಿ ಬೀಳ್ತವೆ. ನಿಮ್ಮದೇ ಬೀಳುತ್ತೆ ಅಂತೇನಿಲ್ಲ. ಹ್ಞಾಂ, ಒಂದ್ನಿಮಿಷ..." ಇಲ್ಲದ ಫೋನು ಕಿವಿಗಿಟ್ಟಳು, ಒಂದು ಬೆರಳೆತ್ತಿದಳು. ಇಳಿಸಿದಳು. "ಎಲ್ಲಿದ್ವಿ? ಹಗ್ಗ. ಬದಲಾಯಿಸಿದ್ರೆ ಒಳ್ಳೇದು. ಅರ್ಜೆಂಟೇನಿಲ್ಲ. ಏನಂದ್ರಿ, ಹತ್ತಬಹುದಾ? ಧಾರಾಳವಾಗಿ! ಮಕ್ಕಳನ್ನೂ ಹತ್ತಿಸಿ!" ಟಿಕ್ ಟಿಕ್ ಟಿಕ್. "ಏನು, ಮೇಲೆ ಕಟಕಟ ಸದ್ದು ಬರ್ತಿದೆಯಾ? ಒಂದ್ಸಲ ಬನ್ನಿ ನೋಡೋಣ. ಏನೂ ಹೆದರ್ಕೋಬೇಡಿ. ನೆಕ್ಸ್ಟ್!"

ಎಲ್ಲರ ಕಣ್ಣೂ ಒಂದೇ ಕಡೆ. ಮೈಕು ಕನ್ನಡಕ ಇಳಿಸಿ ಡಾಕ್ಟರ ಮುಖವನ್ನು ನೋಡಿದಳು. ಈಗ, ಈಗ ಆ ದುಂಡು ಮುಖ ಬಾಡುತ್ತದೆ. ಈಗ ಗೊತ್ತಾಗುತ್ತದೆ.

ಡಾಕ್ಟರು ತೊಡೆ ತಟ್ಟಿಕೊಂಡು ನಕ್ಕರು. ಹೊಟ್ಟೆ ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಅಬ್ಬಬ್ಬಾ! ಹೀಗೂ ಇರ್ತಾರಾ ಮೆಕ್ಯಾನಿಕ್ಕುಗಳು? ಹಗ್ಗ ಕಿತ್ತುಹೋಗೋ ಲಿಫ್ಟಿಗೆ ಹತ್ತಿ ಅಂತಾನಲ್ಲ! ಪಾಪ, ಕೇಳಿದವನಿಗೇನು ಗೊತ್ತಾಗಬೇಕು?" ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. "ಅಂಥವನ ಲೈಸೆನ್ಸ್ ಕಿತ್ಕೋಬೇಕು, ಅಮ್ಮಾ. ಸುಮ್ಮನೆ ಬಿಡಬಾರದು."

ಅವರ ಜೊತೆ ಯಾರೂ ನಗಲಿಲ್ಲ. ತೀರ್ಪು ಮಾವ ಚಾದರದ ಕೆಳಗಿದ್ದ ಭಾರವನ್ನು ನೋಡಿದರು. ಜೀವಮಾನದಲ್ಲಿ ಮೊದಲ ಸಲ ಅವರ ಹತ್ತಿರ ತೀರ್ಪು ಇರಲಿಲ್ಲ.

ಕೆಳಗೆ ವ್ಯಾನು ಹಾರನ್ ಹೊಡೆಯಿತು.

ಸ್ಟ್ರೆಚರಿಗೆ ಆರು ಜನ. ಮುಂದೆ ಗ್ರೀಸು ಮತ್ತು ಮೈಕು. ಹೆಂಗಸರು ಹೊರುತ್ತಾರಾ ಎಂದು ಕೇಳುವ ಧೈರ್ಯ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ. ಅತ್ತಿಗೆ ಪಕ್ಕದಲ್ಲಿ, ಚಾದರದ ಅಂಚು ಹಿಡಿದು. ಮಂಡಿನೋವಿನವರು, ವಯಸ್ಸಾದವರು, ಅವರೊಂದಿಗೆ ಮಾವ, ಒಟ್ಟು ಎಂಟು ಮಂದಿ ಲಿಫ್ಟಿನಲ್ಲಿ ತುಂಬಿಕೊಂಡರು. ಒಂಬತ್ತನೆಯವರಾಗಿ ಡಾಕ್ಟರು ಕಾಲಿಟ್ಟರು.

'ಭಾರ ಹೆಚ್ಚಾಗಿದೆ. ಕೊನೆಗೆ ಹತ್ತಿದವರು ದಯವಿಟ್ಟು ಇಳಿಯಿರಿ.'

ಮೆಟ್ಟಿಲ ತುದಿಯಲ್ಲಿ, ಸ್ಟ್ರೆಚರಿನ ಹಿಡಿ ಹೊತ್ತು ನಿಂತಿದ್ದ ಮೈಕು ತನ್ನ ದನಿಯನ್ನು ಕೇಳಿದಳು.

"ಏನೂ ಆಗಲ್ಲ, ಒಬ್ಬನಲ್ವಾ!" ಡಾಕ್ಟರಿಗೆ ನಗು ಇನ್ನೂ ಮುಗಿದಿರಲಿಲ್ಲ. "ಹಗ್ಗ ಲಿಮಿಟ್‌ನಲ್ಲಿದೆಯಂತೆ! ಏನ್ ಹುಡುಗಿ ರೀ! ಏನೂ ಹೆದರ್ಕೋಬೇಡಿ ಅಂತೆ!"

'ಭಾರ ಹೆಚ್ಚಾಗಿದೆ. ಕೊನೆಗೆ ಹತ್ತಿದವರು ದಯವಿಟ್ಟು ಇಳಿಯಿರಿ.'

ಮೊದಲು ಇಳಿದವರು ತೀರ್ಪು ಮಾವ. ಸೊಂಟ ಹಿಡಿದುಕೊಂಡೇ ಬಂದು ಗ್ರೀಸುವಿನ ಹಿಂದೆ ಸ್ಟ್ರೆಚರಿಗೆ ಹೆಗಲು ಕೊಟ್ಟರು. "ಬಿಡು, ನಾನೂ ಹಿಡೀತೀನಿ," ಎಂದರು, ಯಾರ ಮುಖವನ್ನೂ ನೋಡದೆ. ಲಿಫ್ಟಿನೊಳಗಿನ ದನಿ ನಿಂತಿತು. ಆದರೂ ಮಾವನ ಹಿಂದೆ ಇನ್ನೊಬ್ಬರು ಇಳಿದರು. ಅವರ ಹಿಂದೆ ಮಂಡಿನೋವಿನ ಅಜ್ಜಿ, ಗೋಡೆ ಹಿಡಿದುಕೊಂಡು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ, ಮೆಟ್ಟಿಲ ಕಡೆಗೆ.

ಬೆಳಕು ತುಂಬಿದ ಪೆಟ್ಟಿಗೆಯಲ್ಲಿ, 'ಎಂಟು ಜನ' ಎಂಬ ಫಲಕದ ಕೆಳಗೆ, ಡಾಕ್ಟರು ಒಬ್ಬರೇ ನಿಂತಿದ್ದರು, ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡು. ಬಾಗಿಲು ಮುಚ್ಚಿತು.

ಲಿಫ್ಟಣ್ಣ ಮೆಟ್ಟಿಲು ಇಳಿಯತೊಡಗಿದ. ಪಕ್ಕದ ಗೋಡೆಯ ಹಿಂದೆ, ಅವನು ಬನಿಯನ್ ಸುತ್ತಿ ತಡವಿದ್ದ ಹಗ್ಗಕ್ಕೆ ಜೋತು, ಆ ನಗು ಅವನಿಗಿಂತ ಮುಂದೆ ಇಳಿಯುತ್ತಿತ್ತು. ನಾಲ್ಕನೇ ಮಹಡಿ. ಮೂರು. ಎರಡು. ತಿರುವು ತಿರುವಿಗೂ ಹೊತ್ತವರು ನಿಂತು, ಉಸಿರು ತೆಗೆದುಕೊಂಡು, ಹೆಗಲು ಬದಲಿಸಿದರು. ಕೆಳಗಿನಿಂದ ನಗು ಇನ್ನೂ ಕೇಳಿಸುತ್ತಲೇ ಇತ್ತು.